ಗುಳೆ ಹೋದವಳ ಹಾಜರಿ

(ಮಹಿಳಾ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಸುಗ್ಗಿ ಮುಗಿಯಿತೆಂದರೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಬೀಗ ಬಿದ್ದ ಮನೆಗಳು ಹೆಚ್ಚುತ್ತವೆ. ಮೇಸ್ತ್ರಿ ಮುಂಗಡ ಕೊಟ್ಟಿರುತ್ತಾನೆ. ಗಂಡ, ಹೆಂಡತಿ, ಕಂಕುಳ ಕೂಸು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಇತ್ತ ಸಂಘದ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನಾವು ‘ಗೈರುಹಾಜರಿ’ ಎಂದು ಬರೆಯುತ್ತೇವೆ. ನಾಲ್ಕು ಸಭೆ ತಪ್ಪಿದರೆ ಹೆಸರನ್ನೇ ತೆಗೆಯುತ್ತೇವೆ. ನಾನೂ ಹಾಗೆ ತೆಗೆಸಿದವಳೇ, ಮುಚ್ಚಿಡುವುದಿಲ್ಲ.

ಅಲ್ಲಿ ಅವಳ ಹಾಜರಿ ಯಾರು ಬರೆಯುತ್ತಾರೆ? ಕಟ್ಟಡದಲ್ಲಿ ಅವಳು ಇಟ್ಟಿಗೆ ಹೊರುತ್ತಾಳೆ, ಜಲ್ಲಿ ತುಂಬುತ್ತಾಳೆ, ಕಾಂಕ್ರೀಟಿನ ಬಾಂಡ್ಲಿ ಕೈಯಿಂದ ಕೈಗೆ ದಾಟಿಸುತ್ತಾಳೆ. ಇಪ್ಪತ್ತು ವರ್ಷ ದುಡಿದರೂ ಅವಳು ‘ಹೆಣ್ಣಾಳು’. ಅವಳ ಜೊತೆಗೇ ಸೇರಿದ ಹುಡುಗ ಐದಾರು ವರ್ಷದಲ್ಲಿ ಕರಣೆ ಹಿಡಿದು ಗಾರೆಯವನಾಗುತ್ತಾನೆ, ಕೂಲಿ ಏರುತ್ತದೆ. ಸಮಾನ ವೇತನದ ಕಾಯಿದೆ 1976ರಲ್ಲೇ ಬಂತು, 2019ರ ವೇತನ ಸಂಹಿತೆಯಲ್ಲೂ ಆ ಮಾತಿದೆ. ಕರಣೆಯನ್ನೇ ಅವಳ ಕೈಗೆ ಕೊಡದಿದ್ದರೆ ಸಮಾನ ಕೆಲಸ ಎಲ್ಲಿಂದ ಬರಬೇಕು?

ಬಟವಾಡೆಯ ದಿನ ಜೋಡಿಯ ಲೆಕ್ಕ ಒಟ್ಟಿಗೇ ಆಗುತ್ತದೆ. ದುಡ್ಡು ಗಂಡನ ಕೈಗೆ. “ನನ್ನದೆಷ್ಟು?” ಎಂದು ಕೇಳಿದವಳಿಗೆ ಶೆಡ್ಡಿನಲ್ಲಿ ಬೀಳುವ ಏಟು ತಗಡಿನ ಆಚೆಗೂ ಕೇಳುತ್ತದೆ. ಬಿಡಿಸುವವರು ಯಾರು? ತವರು ದೂರ. ಪಕ್ಕದವರು ಬಿಹಾರದವರೋ ಒಡಿಶಾದವರೋ, ಅವರ ಮಾತು ಇವಳಿಗೆ ತಿಳಿಯದು.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾಯಿದೆ ಬಂತು, ಕಲ್ಯಾಣ ಮಂಡಳಿ ಬಂತು. 18ರಿಂದ 60 ವರ್ಷದೊಳಗಿನವರು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಹೆಸರು ನೋಂದಾಯಿಸಬಹುದು. ಹೊಸ ಸಂಹಿತೆಯಲ್ಲೂ ಈ 90 ದಿನ ಉಳಿದಿದೆ. ಹೆರಿಗೆ, ಅಪಘಾತ, ಮಕ್ಕಳ ಓದು, ಪಿಂಚಣಿ ಇವಕ್ಕೆಲ್ಲ ಮಂಡಳಿಯ ನೆರವುಂಟು. ಆದರೆ ದುಡಿದದ್ದಕ್ಕೆ ಪ್ರಮಾಣಪತ್ರ ಬೇಕು. ಮೇಸ್ತ್ರಿಯ ಚೀಟಿಯಲ್ಲಿ ಗಂಡನ ಹೆಸರು, ಮುಂದೆ ‘ಜೋಡಿ’ ಎಂದಷ್ಟೇ ಇರುತ್ತದೆ. 2020ರ ಲಾಕ್‌ಡೌನಿನಲ್ಲಿ ನಮ್ಮ ರಾಜ್ಯ ಸರ್ಕಾರ ಕಟ್ಟಡ ಕಾರ್ಮಿಕರಿಗೆ 5,000 ರೂಪಾಯಿ ಕೊಟ್ಟಿತು, ನೋಂದಾಯಿತರಿಗೆ ಮಾತ್ರ. ‘ಜೋಡಿ’ ಎನ್ನುವ ಹೆಸರಿನವಳಿಗೆ ಯಾರು ಕೊಡುತ್ತಾರೆ?

ಈಗ ನಮ್ಮ ಸಂಘದಲ್ಲಿ ಹೆಸರು ತೆಗೆಯುವುದನ್ನು ಬಿಟ್ಟಿದ್ದೇವೆ. ಉಳಿತಾಯವನ್ನು ಬಂದ ಮೇಲೆ ಕಟ್ಟಲಿ. ಹೊರಡುವ ಮುಂಚೆ ಅವಳೊಬ್ಬಳ ಹೆಸರಿನಲ್ಲೇ ಬ್ಯಾಂಕ್ ಖಾತೆ ಇದೆಯೇ ನೋಡುತ್ತೇವೆ. ಪಡಿತರ ಚೀಟಿಯ ನಂಬರು ಬರೆದುಕೊಡುತ್ತೇವೆ, ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ಅಕ್ಕಿ ಪಡೆಯಬಹುದು. ಒಂದು ಸಣ್ಣ ನೋಟುಪುಸ್ತಕವನ್ನೂ ಕೊಡುತ್ತೇವೆ: ದುಡಿದ ದಿನಕ್ಕೊಂದು ಗೀಟು, ಕಟ್ಟಡ ಎಲ್ಲಿಯದು, ಮೇಸ್ತ್ರಿ ಯಾರು. ಗೀಟೇ ಪ್ರಮಾಣಪತ್ರವಾಗದು, ಬಲ್ಲೆ. ಆದರೆ ಕೇಳಲು ಬಾಯಿ ಬರುತ್ತದೆ.

ನಾನು ಹೆಸರು ತೆಗೆಸಿದ್ದ ಆ ತಂಗಿ ಈ ಯುಗಾದಿಗೆ ಊರಿಗೆ ಬಂದಿದ್ದಾಳೆ. ಅವಳ ಪುಸ್ತಕದಲ್ಲಿ 104 ಗೀಟುಗಳಿವೆ. ಮೇಸ್ತ್ರಿ ಸಹಿ ಹಾಕಲು ಒಪ್ಪಿಲ್ಲ. ಸೋಮವಾರ ನಾವು ಐವರು ಅವಳ ಜೊತೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗುತ್ತಿದ್ದೇವೆ. ಬರುವವರು ಬೆಳಿಗ್ಗೆ ಎಂಟಕ್ಕೆ ಬಸ್ ನಿಲ್ದಾಣಕ್ಕೆ ಬನ್ನಿ, ಬುತ್ತಿ ಕಟ್ಟಿಕೊಂಡು ಬನ್ನಿ.