ಉಂಡದ್ದು ಮೈಗೆ ಹತ್ತುವ ಬಗೆ



“ಹುಡುಗಿ ಹೊಟ್ಟೆತುಂಬ ಉಣ್ಣುತ್ತಾಳೆ, ಆದರೆ ಉಂಡದ್ದು ಮೈಗೆ ಹತ್ತುವುದಿಲ್ಲ” ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಆಗಾಗ ಕೇಳುತ್ತೇವೆ. ಈ ಆಡುಮಾತಿನಲ್ಲಿ ಒಂದು ಶಾಸ್ತ್ರಸತ್ಯವು ಅಡಗಿದೆ. ಉಣ್ಣುವುದು ಬೇರೆ, ಮೈಗೂಡುವುದು ಬೇರೆ.

ರೊಟ್ಟಿಯ ತುತ್ತನ್ನು ಅಗಿಯುವಾಗಲೇ ಜೊಲ್ಲುರಸವು ಅದರ ಪಿಷ್ಟವನ್ನು ಒಡೆಯತೊಡಗುತ್ತದೆ. ಜಠರದ ಆಮ್ಲರಸವು ಬೇಳೆಯ ಸಸಾರಜನಕವನ್ನು ಸಡಿಲಿಸುತ್ತದೆ. ಯಕೃತ್ತಿನ ಪಿತ್ತವೂ ಮೇದೋಜೀರಕದ ರಸವೂ ಸಣ್ಣ ಕರುಳಿನಲ್ಲಿ ಉಳಿದ ಕಾರ್ಯವನ್ನು ಪೂರೈಸುತ್ತವೆ. ಸುಮಾರು 6 ಮೀಟರ್ ಉದ್ದದ ಈ ಕರುಳಿನ ಒಳಮೈಯಲ್ಲಿ ಮಖಮಲ್ಲಿನ ನವಿರಿನಂತೆ ಅಸಂಖ್ಯ ಸೂಕ್ಷ್ಮ ಎಳೆಗಳಿವೆ. ಅನ್ನದ ಸಾರವು ಇವುಗಳನ್ನು ಹಾದು ಒಳಸೇರಿದಾಗ ಮಾತ್ರ ಅದು ನಮ್ಮದಾಯಿತು. ಅಲ್ಲಿಯವರೆಗೆ ಹೊಟ್ಟೆಯಲ್ಲಿದ್ದರೂ ಅದು ಹೊರಗಿನದೇ.

ಕಬ್ಬಿಣಾಂಶದ ಮಟ್ಟಿಗಂತೂ ಈ ಬಾಗಿಲು ಬಹಳ ಇಕ್ಕಟ್ಟಾದುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಮ್ಮ ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪುಗಳಲ್ಲಿ ಕಬ್ಬಿಣವಿದೆ. ಆದರೆ ಕಾಳುಕಡಿಯಲ್ಲಿಯೇ ಇರುವ ಫೈಟೇಟ್ ಎಂಬ ವಸ್ತುವು ಅದನ್ನು ಬಿಗಿಹಿಡಿಯುತ್ತದೆ. ಊಟದ ಬೆನ್ನಿಗೇ ಕುಡಿದ ಚಹದ ಒಗರು ಮತ್ತಷ್ಟು ಕಟ್ಟಿಹಾಕುತ್ತದೆ. ಅದರ ಬಹುಭಾಗವು ರಕ್ತವನ್ನು ಮುಟ್ಟದೆಯೇ ಹೊರಬೀಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರು. ಇದಕ್ಕೆ ಕಾರಣಗಳು ಹಲವು. ಕಬ್ಬಿಣವು ಮೈಗೆ ಹತ್ತದಿರುವುದು ಅವುಗಳಲ್ಲೊಂದು. ಪಾಠ ತಲೆಗೆ ಹತ್ತದ ಬಾಲಿಕೆಯನ್ನು ಸೋಮಾರಿಯೆಂದು ಜರೆಯುವ ಮೊದಲು, ಅವಳ ಕಣ್ಣುರೆಪ್ಪೆಯ ಒಳಬದಿ ಬಿಳಿಚಿದೆಯೇ ಎಂದು ನೋಡಬೇಡವೇ?

ಅರ್ಧ ಪರಿಹಾರವು ನಮ್ಮ ಅಡಿಗೆಮನೆಯಲ್ಲಿಯೇ ಇದೆ. ನಿಂಬೆ, ನೆಲ್ಲಿ, ಪೇರಲಗಳಲ್ಲಿರುವ ‘ಸಿ’ ಜೀವಸತ್ವವು ಕಬ್ಬಿಣವನ್ನು ಕರುಳು ಹೀರಬಲ್ಲ ರೂಪಕ್ಕೆ ತರುತ್ತದೆ. ಕಾವಿಗೆ ಆ ಸತ್ವವು ನಶಿಸುವುದರಿಂದ, ಪಲ್ಯವನ್ನು ಒಲೆಯಿಂದ ಇಳಿಸಿ ಬಡಿಸುವಾಗ ನಿಂಬೆಯನ್ನು ಹಿಂಡಬೇಕು. ಹೆಸರು, ಮಡಕಿ ಕಾಳುಗಳನ್ನು ನೆನೆಯಿಟ್ಟು ಮೊಳಕೆ ಬರಿಸಿದರೆ ಫೈಟೇಟಿನ ಬಿಗಿ ಸಡಿಲುವುದು. ನಮ್ಮ ಹಿರಿಯರ ರೂಢಿಯೂ ಅದೇ. ಚಹವನ್ನು ಊಟಕ್ಕಿಂತ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆ ತರುವಾಯ ಕುಡಿಯೋಣ; ಕಬ್ಬಿಣದ ಗುಳಿಗೆಯನ್ನು ಅದರೊಡನೆ ಎಂದಿಗೂ ನುಂಗದಿರೋಣ. ಇನ್ನರ್ಧ ಪರಿಹಾರವು ವೈದ್ಯರ ಕೈಯಲ್ಲಿದೆ. ಆಯಾಸವೂ ಬಿಳಿಚುವಿಕೆಯೂ ಕಂಡುಬಂದರೆ ರಕ್ತಪರೀಕ್ಷೆಯನ್ನು ಮಾಡಿಸಲೇಬೇಕು. ಆಗ ಆಹಾರವೊಂದೇ ಸಾಲದು.

ಗಡಿಯಲ್ಲಿ ನಿಂತು ಕನ್ನಡ ಶಾಲೆಗಳನ್ನು ಉಳಿಸಿಕೊಂಡು ಬಂದಿರುವ ನಾವು, ಆ ಶಾಲೆಗಳಲ್ಲಿ ಕುಳಿತ ಮಕ್ಕಳ ಮೈಯಲ್ಲಿ ರಕ್ತವೂ ಇರುವಂತೆ ನೋಡಿಕೊಳ್ಳಬೇಕು. ಮಗಳ ತಟ್ಟೆಯ ಪಕ್ಕದಲ್ಲಿ ಒಂದು ಹೋಳು ನಿಂಬೆಯನ್ನಿಡುವುದು ಯಾವ ಮನೆಗೂ ಭಾರವಾಗದು.