ಕುಲಪತಿ ಪಾವಟೆ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿಳಾಸದಲ್ಲಿ ಪಾವಟೆನಗರ ಎಂಬ ಹೆಸರಿದೆ. ಆ ಪಾವಟೆ ಯಾರೆಂದು ಇಂದಿನ ಹುಡುಗರಿಗೂ ತಿಳಿದಿರಬೇಕು.

ಡಿ.ಸಿ. ಪಾವಟೆಯವರು ಹುಟ್ಟಿದ್ದು 1899ರಲ್ಲಿ, ಗೋಕಾಕ ತಾಲೂಕಿನ ಮಮದಾಪುರದಲ್ಲಿ. ಆ ಹಳ್ಳಿಯಿಂದ ಹೊರಟವರು ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜು ಸೇರಿ, ಗಣಿತದ ಅಂತಿಮ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದು ರ‍್ಯಾಂಗ್ಲರ್ ಆದರು. ಮರಳಿ ಬಂದು ಬನಾರಸದಲ್ಲಿ ಗಣಿತ ಕಲಿಸಿದರು. ಮುಂದೆ ಮುಂಬಯಿ ಸರ್ಕಾರದ ಶಿಕ್ಷಣ ಇಲಾಖೆ ಸೇರಿ ಅದರ ನಿರ್ದೇಶಕರಾದರು.

ಅವರು ಧಾರವಾಡಕ್ಕೆ ಕುಲಪತಿಯಾಗಿ ಬಂದದ್ದು 1954ರಲ್ಲಿ. ವಿಶ್ವವಿದ್ಯಾಲಯ ಆಗಿನ್ನೂ ಎಳೆಯದು. 1949ರಲ್ಲಿ ಮುಂಬಯಿಯಲ್ಲಿ ಕಣ್ಣು ಬಿಟ್ಟು ಮರುವರ್ಷ ಧಾರವಾಡಕ್ಕೆ ಬಂದಿತ್ತು. ಅಲ್ಲಿಯವರೆಗೆ ಈ ಭಾಗದಲ್ಲಿ ಕಾಲೇಜುಗಳಿದ್ದರೂ ಪದವಿ ಕೊಡುತ್ತಿದ್ದದ್ದು ದೂರದ ಮುಂಬಯಿ ವಿಶ್ವವಿದ್ಯಾಲಯ. ಊರ ಹೊರಗಿನ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಪಾವಟೆಯವರು ಕಲ್ಲಿನ ಭವ್ಯ ಕಟ್ಟಡ ಎಬ್ಬಿಸಿದರು. ಇಷ್ಟು ದೊಡ್ಡದು ಯಾಕೆ ಎಂದು ಯಾರಿಗಾದರೂ ಅನಿಸಬಹುದು. ನನಗಂತೂ ಅದರಲ್ಲಿ ಅವರ ದೂರದೃಷ್ಟಿಯೇ ಕಾಣುತ್ತದೆ. ಹೊಲ ಬಿಟ್ಟು ಮೊದಲ ಸಲ ಓದಲು ಬಂದ ಮನೆತನದ ಹುಡುಗನಿಗೆ, ಇದು ಯಾವ ಮಹಾನಗರದ ವಿದ್ಯಾಪೀಠಕ್ಕೂ ಕಡಿಮೆಯಲ್ಲ ಎಂಬ ಧೈರ್ಯ ಬೇಕಿತ್ತು.

1956ರಲ್ಲಿ ರಾಜ್ಯ ಒಂದಾದಾಗ ಕೆಲಸ ಇನ್ನೂ ಹಿಗ್ಗಿತು. ಉಸ್ಮಾನಿಯಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಬೀದರ, ಕಲಬುರ್ಗಿ, ರಾಯಚೂರು ಕಡೆಯ ಕಾಲೇಜುಗಳೂ ಧಾರವಾಡದ ಆಡಳಿತಕ್ಕೆ ಬಂದವು. ಬೇರೆ ಬೇರೆ ಪಠ್ಯಕ್ರಮ, ಬೇರೆ ಬೇರೆ ಪದ್ಧತಿ. ಅವನ್ನೆಲ್ಲ ಒಂದು ಹಳಿಗೆ ತರಲು ಇಲಾಖೆಯಲ್ಲಿ ಪಳಗಿದ ಕೈಯೇ ಬೇಕು. ಅಧ್ಯಾಪಕರ ನೇಮಕ, ಸ್ನಾತಕೋತ್ತರ ವಿಭಾಗಗಳು, ಗ್ರಂಥಾಲಯ, ಪ್ರಯೋಗಾಲಯ, ಇವೆಲ್ಲ ಒಂದೆರಡು ವರ್ಷದಲ್ಲಿ ಕೈಗೂಡುವಂಥವಲ್ಲ. ಅವರಿಗೆ ಸಿಕ್ಕದ್ದು 13 ವರ್ಷ. ಇಂದು ನಮ್ಮ ರಾಜ್ಯದ ಕುಲಪತಿಗಳ ಅವಧಿ ನಾಲ್ಕೇ ವರ್ಷ. ತಾನು ನೆಟ್ಟದ್ದು ಬೇರು ಬಿಡುವುದನ್ನು ನೋಡುವಷ್ಟರಲ್ಲಿ ಕುರ್ಚಿ ಬಿಡಬೇಕು. ಪಾವಟೆಯವರ ಸಾಮರ್ಥ್ಯವನ್ನು ಹೊಗಳುವಾಗ ಅವರಿಗೆ ದೊರೆತ ಕಾಲಾವಕಾಶವನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

1967ರಲ್ಲಿ ಅವರು ಪಂಜಾಬಿನ ರಾಜ್ಯಪಾಲರಾಗಿ ಹೋದರು. ಅದೇ ವರ್ಷ ಪದ್ಮಭೂಷಣವೂ ಬಂತು. ರಾಜಭವನದಲ್ಲಿ 1973ರವರೆಗೆ ಇದ್ದರು. ಶಿಕ್ಷಣ ಆಡಳಿತದ ಅನುಭವಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬರೆದಿಟ್ಟಿದ್ದಾರೆ. 1979ರಲ್ಲಿ ತೀರಿಕೊಂಡರು. ಅವರು ಓದಿದ ಅದೇ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಇಲ್ಲಿಯ ವಿದ್ವಾಂಸರು ಹೋಗಿ ಅಧ್ಯಯನ ಮಾಡಲು ಅವರ ಹೆಸರಿನಲ್ಲಿ ಫೆಲೋಶಿಪ್ ಏರ್ಪಟ್ಟಿದೆ.