ರವಿಯಣ್ಣನ ರೀಲ್ಸ್ ನೋಡಿದ್ರಿ, ಭಾನು ನೆನಪಿದ್ದಾಳಾ?

ಇವತ್ತು 'ಸು ಫ್ರಮ್ ಸೋ' ಬಗ್ಗೆ. ಸಿನಿಮಾ ಬಂದಿದ್ದು 2025ರ ಜುಲೈನಲ್ಲಿ, ತಡ ಆಯ್ತು, ಗೊತ್ತು. ಇನ್ನೂ ನೋಡದೇ ಇರೋರು ನೋಡ್ಕೊಂಡು ಬನ್ನಿ, ನಾನು ಕಥೆ ಹೇಳ್ಬಿಡ್ತೀನಿ.

ಥಿಯೇಟರ್‌ನಲ್ಲಿ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ದೆ. ಕರಾವಳಿಯ ಒಂದು ಊರು, ಎಲ್ಲದಕ್ಕೂ ಅಲ್ಲಿ ರವಿಯಣ್ಣ ಬೇಕು. ಅಶೋಕ ಮಾನ ಉಳಿಸ್ಕೊಳ್ಳೋಕೆ ದೆವ್ವ ಹಿಡಿದ ಹಾಗೆ ನಾಟಕ ಮಾಡ್ತಾನೆ. ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಊರಿಗೆ ಊರೇ ನಂಬುತ್ತೆ. ಅಶೋಕನ ಪಾತ್ರ ಮಾಡಿರೋ ಜೆ.ಪಿ. ತುಮಿನಾಡು ಅವರೇ ನಿರ್ದೇಶಕರು.

ಎರಡನೇ ಸಲ ಮನೇಲಿ ಅಮ್ಮನ ಜೊತೆ ನೋಡ್ದೆ. ಅಮ್ಮನೂ ನಗ್ತಿದ್ರು. ಸುಲೋಚನಾಳ ಮಗಳು ಭಾನು ಬಂದ್ಮೇಲೆ, ಅವಳ ಕಷ್ಟ ಏನು ಅಂತ ಗೊತ್ತಾದ್ಮೇಲೆ, ಸುಮ್ಮನಾದ್ರು. ಮುಗಿದಾಗ ಇಷ್ಟೇ ಅಂದಿದ್ದು: "ಅವಳೇ ಬಾಯಿಬಿಟ್ಟು ಹೇಳಿದ್ರೆ ಯಾರು ಕೇಳ್ತಿದ್ರು? ಅದಕ್ಕೂ ದೆವ್ವನೇ ಬರಬೇಕಾಯ್ತು ನೋಡು."

ನಾನು ಥಿಯೇಟರಿಂದ ಬಂದು ರವಿಯಣ್ಣನ ರೀಲ್ಸ್ ಶೇರ್ ಮಾಡಿದ್ದೆ. ಭಾನು ಬಗ್ಗೆ ಒಂದು ಸ್ಟೇಟಸ್ಸೂ ಹಾಕಿರ್ಲಿಲ್ಲ.

ಸಿನಿಮಾ ಮೇಲೂ ಒಂದು ತಕರಾರಿದೆ. ಭಾನು ಬಾಯಲ್ಲಿ ಇನ್ನೂ ನಾಲ್ಕು ಮಾತು ಇರ್ಬೇಕಿತ್ತು. ಅವಳ ಕಥೆಯನ್ನ ಅಶೋಕ ಹೊತ್ಕೊಂಡು ಓಡ್ತಾನೆ.

ಅದೇ ವಾರ ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಕಥೆ ಓದಿದೆ. ಇಂಟರ್‌ನ್ಯಾಷನಲ್ ಬೂಕರ್ ಬಂದ 'ಹಾರ್ಟ್ ಲ್ಯಾಂಪ್'ಗೆ ಹೆಸರು ಕೊಟ್ಟಿದ್ದು ಇದೇ ಕಥೆ. ಗಂಡ ಕೈಬಿಟ್ಟ ಅಂತ ತವರಿಗೆ ಬಂದವಳನ್ನ ಮನೆಯವರೇ ವಾಪಸ್ ಬಿಟ್ಟು ಬರ್ತಾರೆ. ಸೀಮೆಎಣ್ಣೆ ಸುರ್ಕೊಂಡವಳನ್ನ ತಡೆಯೋದು ಅವಳ ಮಗಳು. ಅಮ್ಮನಿಗೆ ಓದಿ ಹೇಳೋಣ ಅಂದ್ಕೊಂಡೆ, ಇನ್ನೂ ಧೈರ್ಯ ಬಂದಿಲ್ಲ.

ನೀವು ಯಾರ ಜೊತೆ ನೋಡಿದ್ರಿ? ವಾಯ್ಸ್ ನೋಟ್ ಕಳಿಸಿ.